ಹರಾಜಿಗೆ ಹೊರಟ ಹೈ ಬಾನೆಟ್: ಮೂಡಿಗೆರೆಯಿಂದ ಮುಂಬೈಗೆ

ಮಾರುವ ಗಾಡಿಯನ್ನು ಲಾರಿಗೆ ಹಾಕಿ ಕಳಿಸುವುದು ಬುದ್ಧಿವಂತರ ಕೆಲಸ. ಹರಾಜು ಸಂಸ್ಥೆಯವರೂ ಅದನ್ನೇ ಹೇಳಿದ್ದರು. ಒಪ್ಪದವರು ಜೀಪನ್ನು ಬಿಚ್ಚಿ ಕಟ್ಟಿದ ನಮ್ಮ ಗ್ಯಾರೇಜಿನ ಕಾಕ. "ಓಡೋ ಗಾಡಿ ಅಂತ ಬರೆದು ಕೊಟ್ಟಿದೀರಲ್ಲ ಗೌಡ್ರೇ, ಓಡಿಸ್ಕೊಂಡೇ ಹೋಗೋಣ. ಟೂಲ್ಸ್ ಪೆಟ್ಟಿಗೆ ನಾನು ತರ್ತೀನಿ, ಬುತ್ತಿ ನೀವು ತನ್ನಿ" ಎಂದರು. ಅರವತ್ತು ದಾಟಿದ ಬ್ಯಾರಿ ಕಾಕ, ಮುಂಬೈ ನೋಡಿರಲಿಲ್ಲ. ಒಪ್ಪಿಕೊಂಡೆ.

ಗಾಡಿ 1964ರ ಮಹೀಂದ್ರ ಸಿಜೆ-3ಬಿ. ನಮ್ಮ ಕಡೆ ಇದಕ್ಕೆ ಹೈ ಬಾನೆಟ್ ಎಂದೇ ಹೆಸರು. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹರಿಕೇನ್ ಎಂಬ ಹೊಸ ಎಂಜಿನ್ ಕೂರಿಸಲು ಹೊರಟಾಗ ಅದು ಹಳೆಯ ಬಾನೆಟ್ಟಿನಡಿ ಹಿಡಿಸಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದರು. ನಾಲ್ಕು ಸಿಲಿಂಡರ್, 2.2 ಲೀಟರ್ ಪೆಟ್ರೋಲ್. ಅಮೆರಿಕದಲ್ಲಿ 1968ಕ್ಕೇ ನಿಂತುಹೋದ ಈ ಮೂತಿಯನ್ನು ಮಹೀಂದ್ರದವರು ಆಮೇಲೂ ಎಷ್ಟೋ ವರ್ಷ ತಯಾರಿಸಿದರು. ಹಾಗಾಗಿಯೇ ಮಲೆನಾಡಿನ ತೋಟಗಳಲ್ಲಿ ಗೊಬ್ಬರ, ಆಳು, ಮದುವೆ ದಿಬ್ಬಣ, ಬಾಣಂತಿ ಎಲ್ಲವನ್ನೂ ಹೊತ್ತಿದ್ದು ಈ ಎತ್ತರದ ಬಾನೆಟ್ಟೇ.

ಕಳಸದ ಕಡೆಯ ತೋಟವೊಂದರಲ್ಲಿ ಇದು ನನಗೆ ಸಿಕ್ಕಾಗ ಒಳಗಿದ್ದದ್ದು ಮೆಟಡೋರ್ ಡೀಸೆಲ್ ಎಂಜಿನ್. ಪೆಟ್ರೋಲ್ ಖರ್ಚು ತಾಳಲಾರದೆ ಎಂಬತ್ತರ ದಶಕದಲ್ಲಿ ಎಲ್ಲರೂ ಮಾಡಿಸಿದ ಬದಲಾವಣೆ ಅದು. ಮೂಲ ಎಂಜಿನ್ ಗುಜರಿಗೆ ಹೋಗಿರಬೇಕು ಅಂದುಕೊಂಡಿದ್ದೆವು. ಕಾಕ ಅದೇ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ, ಹಳೇ ಪಂಪಿಗೆ ಬೋಲ್ಟು ಹಾಕಿ ನಿಲ್ಲಿಸಿದ್ದ ಎಂಜಿನ್ನಿನ ಮಣ್ಣು ಕೆರೆದು ನಂಬರು ಓದಿದರು. ಆರ್‌ಸಿ ಪುಸ್ತಕದ ನಂಬರೇ! ಆ ನಂಬರು ಇಲ್ಲದಿದ್ದರೆ ಇಷ್ಟೆಲ್ಲ ಓಡಾಟಕ್ಕೆ ಅರ್ಥವೇ ಇರುತ್ತಿರಲಿಲ್ಲ. ನನ್ನ ಶೆಡ್ಡಿನಲ್ಲಿ ಯುದ್ಧಕಾಲದ ಒಂದು ವಿಲ್ಲೀಸ್ ಬಿಚ್ಚಿ ಬಿದ್ದಿದೆ. ಇದನ್ನು ಮಾರಿದ ದುಡ್ಡು ಅದಕ್ಕೆ.

ಬುಧವಾರ: ಮೂಡಿಗೆರೆ – ದಾವಣಗೆರೆ

ಜನವರಿ ಕೊನೆಯ ಚಳಿ. ರೊಬಸ್ಟಾ ಕೊಯ್ಲಿಗೆ ಹೊರಟ ಆಳುಗಳನ್ನು ತುಂಬಿಕೊಂಡ ಪಿಕಪ್‌ಗಳು ಮಂಜಿನಲ್ಲಿ ಲೈಟು ಹಾಕಿಕೊಂಡು ಎದುರಾಗುತ್ತಿದ್ದವು. ಜೀಪಿಗೆ ಬಾಗಿಲಿಲ್ಲ, ಹೀಟರ್ ಇಲ್ಲ. ಕಾಕ ಕಿವಿಗೆ ಮಫ್ಲರ್ ಸುತ್ತಿ, ಬಾಯಿ ಮುಚ್ಚಿಕೊಂಡು ಎಂಜಿನ್ ಸದ್ದನ್ನೇ ಕೇಳುತ್ತಾ ಕೂತಿದ್ದರು. ಚಿಕ್ಕಮಗಳೂರು ದಾಟುವವರೆಗೆ ಅವರ ಬಾಯಿಂದ ಬಂದಿದ್ದು ಒಂದೇ ಮಾತು: "ಟ್ಯಾಪೆಟ್ ಸ್ವಲ್ಪ ಹೇಳ್ತಾ ಇದೆ." ಎಂಜಿನ್ನಿನ ವಾಲ್ವುಗಳ ಕಡೆಯ ಟಿಕಟಿಕ ಸದ್ದು ಅದು.

ಈ ಗಾಡಿಗೆ ಮೂರೇ ಗೇರು. ಗಂಟೆಗೆ ಐವತ್ತು ಕಿಲೋಮೀಟರ್ ದಾಟಿಸಿದರೆ ಸ್ಟೀರಿಂಗ್ ತಾನೇ ದಾರಿ ಹುಡುಕಲು ಶುರು ಮಾಡುತ್ತದೆ. ಕಡೂರಿನತ್ತ ಇಳಿಯುತ್ತಿದ್ದಂತೆ ಕಾಫಿ, ಮೆಣಸು ಎಲ್ಲ ಹಿಂದುಳಿದು ತೆಂಗಿನ ತೋಟ, ಬಿಸಿಲು, ರಾಗಿ ಕೊಯ್ದ ಬೋಳು ಹೊಲ. ಒಂದೂವರೆ ಗಂಟೆಯಲ್ಲಿ ಊರೇ ಬದಲಾದ ಹಾಗೆ. ಬೀರೂರು, ತರೀಕೆರೆ, ಭದ್ರಾವತಿ, ಅಲ್ಲಿಂದ ಚನ್ನಗಿರಿ. ಹೆದ್ದಾರಿಗಿಂತ ಈ ಒಳದಾರಿ ನಿಧಾನ, ಆದರೆ ಹಳೇ ಗಾಡಿಗೆ ಇಂಥ ರಸ್ತೆಯೇ ಸರಿ. ಹಿಂದಿನವರು ಹಾರ್ನ್ ಹೊಡೆಯುವ ಬದಲು ಪಕ್ಕಕ್ಕೆ ಬಂದು ಫೋಟೊ ತೆಗೆಯುತ್ತಾರೆ.

ತರೀಕೆರೆಯ ಬಂಕಿನಲ್ಲಿ ಪೆಟ್ರೋಲ್ ಹಾಕುವ ಹುಡುಗನಿಗೆ ಟ್ಯಾಂಕ್ ಡ್ರೈವರ್ ಸೀಟಿನ ಅಡಿಯಲ್ಲಿದೆ ಎಂದರೆ ನಂಬಿಕೆಯಿಲ್ಲ. ನಲವತ್ತು ಲೀಟರ್ ಪೆಟ್ರೋಲಿನ ಮೇಲೆ ಕೂತು ಓಡಿಸುವುದಾ ಎಂದು ನಕ್ಕ. "ಎಷ್ಟಕ್ಕೆ ಕೊಡ್ತೀರಣ್ಣ?" ಅಂದ. ನೀನೇ ಹೇಳು ಅಂದೆ. "ಎರಡು ಲಕ್ಷ ಬರಬಹುದೇನೋ." ದಾರಿಯಲ್ಲಿ ಜೀಪಿಗೆ ಬಿದ್ದ ಮೊದಲ ಕೂಗು ಅದು.

ಕಾಕನ ಚಿಂತೆ ಬೇರೆ. ಈಗ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಹಳೇ ಕಾಲದ ರಬ್ಬರು ಅದನ್ನು ತಾಳುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ಹೊಸ ಪೈಪೇನೋ ಹಾಕಿಸಿದ್ದೆವು. ಫ್ಯುಯೆಲ್ ಪಂಪಿನ ಒಳಗೆ ಪೆಟ್ರೋಲ್ ಎಳೆಯುವ ತೆಳು ಪರದೆ, ಡಯಾಫ್ರಾಂ, ಮಾತ್ರ ಹಳೇ ಸ್ಟಾಕಿನದು. ಅದಕ್ಕೇ ಇನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಇಂಥ ಗಾಡಿ ಹೊರಡಿಸುವವರು ಜಾಕು, ಸ್ಟೆಪ್ನಿ ಮರೆತರೂ ಇದನ್ನು ಮರೆಯಬಾರದು.

ಕತ್ತಲಾಗುವ ಹೊತ್ತಿಗೆ ದಾವಣಗೆರೆ. ಸೌದೆ ಒಲೆಯ ಕಾವಲಿಯಲ್ಲಿ ಬೆಣ್ಣೆ ಹಾಕಿ ಎತ್ತಿದ ದೋಸೆ, ಬಿಳಿ ಆಲೂಗಡ್ಡೆ ಪಲ್ಯ, ನೀರು ನೀರಾದ ಕಾಯಿ ಚಟ್ನಿ. ಮೈಯೆಲ್ಲ ಜೀಪಿನ ಕುಲುಕಾಟದಲ್ಲೇ ಇತ್ತು. ಕಾಕ ಎರಡನೆಯ ದೋಸೆಯ ಮೇಲೆ ಇನ್ನೊಂದು ಉಂಡೆ ಬೆಣ್ಣೆ ಕೇಳಿ ಹಾಕಿಸಿಕೊಂಡರು.

ಗುರುವಾರ: ಬ್ಯಾಡಗಿ ಮಾರುಕಟ್ಟೆ, ಧಾರವಾಡ

ಹರಿಹರದ ಸೇತುವೆ, ರಾಣೆಬೆನ್ನೂರು, ಅಲ್ಲಿಂದ ಮೋಟೆಬೆನ್ನೂರು. ಹೆದ್ದಾರಿ ಬಿಟ್ಟು ಬ್ಯಾಡಗಿಗೆ ತಿರುಗಿಸಿದ್ದು ನಾನೇ. ಗುರುವಾರ ಅಲ್ಲಿ ಮೆಣಸಿನಕಾಯಿ ಮಾರಾಟದ ದಿನ, ಸೀಸನ್ ಬೇರೆ. ಹರಾಜಿಗೆ ಹೊರಟವನು ಇನ್ನೊಂದು ಹರಾಜು ನೋಡದೆ ಹೋಗುವುದೆಂತು?

ಊರು ಸೇರುವ ಮೊದಲೇ ಘಾಟು ಮೂಗಿಗೆ ಹೊಡೆಯಿತು. ಮಾರುಕಟ್ಟೆ ಅಂಗಳದಲ್ಲಿ ಕಣ್ಣು ಹಾಯುವಷ್ಟು ದೂರ ಕೆಂಪು ರಾಶಿ. ಬಾಗಿಲಿಲ್ಲದ ಜೀಪಿನೊಳಗೆ ಕೆಂಪು ಧೂಳು ನುಗ್ಗಿ ನಾವಿಬ್ಬರೂ ಸೀನಿ ಸೀನಿ ಸುಸ್ತಾದೆವು. ಬ್ಯಾಡಗಿ ಮೆಣಸಿನಕಾಯಿ ಬಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಅದರ ಬೆಲೆಯೇ ಬಣ್ಣಕ್ಕೆ. ಸುಕ್ಕು ಸುಕ್ಕಾಗಿ ಉದ್ದಕ್ಕಿರುವುದು ಕಡ್ಡಿ, ಗಿಡ್ಡಕ್ಕೆ ಉಬ್ಬಿರುವುದು ಡಬ್ಬಿ. ಡಬ್ಬಿಗೆ ದರ ಹೆಚ್ಚು.

ನೆರಳಲ್ಲಿ ನಿಲ್ಲಿಸಿದ ಜೀಪಿನ ಸುತ್ತ ಜನ ಸೇರಿತು. ಬಿಳಿ ಅಂಗಿಯ ದಲಾಲರೊಬ್ಬರು ಬಾನೆಟ್ ಮೇಲೆ ಕೈಯಾಡಿಸಿ, "ಇದಕ್ಕ ಎಷ್ಟ ಟೆಂಡರ್ ಬಿತ್ರೀ?" ಎಂದರು. ಇನ್ನೂ ಇಲ್ಲ, ಮುಂಬೈಗೆ ಹೊರಟಿದ್ದೇವೆ ಅಂದೆ. ಅವರ ಅಂಗಡಿಯಲ್ಲಿ ಚಹಾ ಬಂತು. ಇಲ್ಲಿ ಈಗ ಕೂಗಾಟವಿಲ್ಲವಂತೆ. ಖರೀದಿದಾರರು ಬೆಳಿಗ್ಗೆ ಲಾಟುಗಳ ನಡುವೆ ಓಡಾಡಿ, ಕಾಯಿ ಮುರಿದು ನೋಡಿ, ತಮ್ಮ ದರವನ್ನು ಕಂಪ್ಯೂಟರಿಗೆ ಏರಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ಆಮೇಲೆ ಯಾವ ಲಾಟಿಗೆ ಯಾರದು ಹೆಚ್ಚು ಎಂಬ ಪಟ್ಟಿ ಬರುತ್ತದೆ. ರೈತನಿಗೆ ದರ ಒಗ್ಗದಿದ್ದರೆ ಬೇಡ ಎನ್ನಬಹುದು.

"ಬ್ಯಾಡ ಅಂದವರು ಎಷ್ಟು ಜನರೀ?" ಅಂದೆ.

"ಅಂತಾರ್ರೀ. ಚೀಲ ಹೊತ್ತು ವಾಪಸ್ ಹೋಗೂದು ಯಾರಿಗೆ ಬೇಕು?" ಎಂದು ನಕ್ಕರು.

ಕಾಫಿ ಬೆಳೆಗಾರನಾದ ನನಗೆ ಆ ನಗು ಅರ್ಥವಾಗುತ್ತದೆ. ನಮ್ಮ ಅಪ್ಪನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರದ್ದೂ ಸೇರುವ ಒಂದೇ ರಾಶಿಗೆ, ಹಾಕಬೇಕಿತ್ತು. ಹರಾಜು ಮಾಡುವವರು ಬೋರ್ಡಿನವರು, ಕೂಗುವವರು ವ್ಯಾಪಾರಿಗಳು, ಬೆಳೆದವನಿಗೆ ಕಂತು ಕಂತಾಗಿ ಹಣ. ತೊಂಬತ್ತರ ದಶಕದಲ್ಲಿ ಹಂತ ಹಂತವಾಗಿ ಸಡಿಲವಾಗಿ, 1996ಕ್ಕೆ ಪೂರ್ತಿ ನಮ್ಮ ಕೈಗೆ ಬಂತು. ಹರಾಜಿನಲ್ಲಿ ಮಾರುವವನು ಎಲ್ಲಿ ನಿಂತಿರುತ್ತಾನೆ ಎಂಬುದು ಮನೆಯಲ್ಲೇ ನೋಡಿ ಬೆಳೆದದ್ದು.

ಹಾವೇರಿ ದಾಟಿದ ಮೇಲೆ, ನಡು ಮಧ್ಯಾಹ್ನ, ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕಾಕ ಇಳಿದು ಪಂಪು ಮುಟ್ಟಿ ಕೈ ಹಿಂದೆಳೆದುಕೊಂಡರು. ಡಯಾಫ್ರಾಂ ಅಲ್ಲ, ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಳಿ ಕಟ್ಟಿತ್ತು. ಹೆಗಲ ಟವೆಲನ್ನು ಕುಡಿಯುವ ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿ, ರಸ್ತೆ ಬದಿಯ ಬೇವಿನ ಮರದಡಿ ಕೂತುಬಿಟ್ಟರು. ಇಪ್ಪತ್ತು ನಿಮಿಷಕ್ಕೆ ಗಾಡಿ ಎದ್ದಿತು. ಆಮೇಲೆ ಧಾರವಾಡದವರೆಗೂ ಎಲ್ಲೆಲ್ಲಿ ನಿಂತೆವೋ ಅಲ್ಲೆಲ್ಲ ಟವೆಲಿಗೆ ನೀರು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹಳೇ ಪೆಟ್ರೋಲ್ ಜೀಪನ್ನು ಓಡಿಸದೆ ಊಟ ಮಾಡಿ ಮಲಗುವುದೇ ಒಳ್ಳೆಯದು. ಮರುದಿನದಿಂದ ಹಾಗೇ ಮಾಡಿದೆವು.

ಶುಕ್ರವಾರ: ಸಂಕೇಶ್ವರದ ಚಹಾದಂಗಡಿ

ಧಾರವಾಡದಲ್ಲಿ ಪೇಡೆ, ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಂಡದ್ದು ಬಿಟ್ಟರೆ ಬೆಳಗಿನ ಹೊತ್ತು ವಿಶೇಷವೇನಿಲ್ಲ. ಟೋಲ್‌ಗಳಲ್ಲಿ ಮಾತ್ರ ಪ್ರತಿ ಸಲವೂ ಒಂದು ಕಥೆ. ಮೈಸೂರು ರಾಜ್ಯದ ಕಾಲದ ಎಂ.ವೈ. ನಂಬರು ನೋಡಿ ಟೋಲಿನ ಹುಡುಗರು ಪರಸ್ಪರ ಕರೆಯುತ್ತಿದ್ದರು. ಇಂಥ ಹಳೇ ಪುಸ್ತಕದ ಆರ್‌ಸಿಯನ್ನು ಆರ್‌ಟಿಓದಲ್ಲಿ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆ ಸೇರಿಸುವುದು) ಮಾಡಿಸಿ ಸರ್ಕಾರದ ವಾಹನ್ ಪೋರ್ಟಲಿಗೆ ಹತ್ತಿಸದೆ ಫಾಸ್ಟ್ಯಾಗ್, ವಿಮೆ ಯಾವುದೂ ನೆಟ್ಟಗಾಗುವುದಿಲ್ಲ; ನಮಗೆ ಜೀಪಿನ ಬಣ್ಣಕ್ಕಿಂತ ಹೆಚ್ಚು ಸಮಯ ತಿಂದದ್ದು ಆ ಕೆಲಸ.

ಸಂಕೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗಾಂಧಿ ಟೋಪಿಯ, ನೆಟ್ಟಗೆ ನಿಂತ ಅಜ್ಜರೊಬ್ಬರು ಜೀಪಿನ ಸುತ್ತ ಒಂದು ಸುತ್ತು ಬಂದರು. ಮೊದಲು ನೋಡಿದ್ದು ಮುಂದಿನ ಗಾಜನ್ನು.

"ನಮ್ಮ ಗಾಡಿಗೆ ಈ ಗಾಜ ನಡುವ ಸೀಳಿರ್ತಿತ್ರಿ" ಎಂದರು. "ಅದರಾಗ ತೋಪಿನ ನಳಿಗಿ ಹೊರಗ ಬರ್ತಿತ್ತು."

ಸೈನ್ಯದಲ್ಲಿ ಡ್ರೈವರ್ ಆಗಿದ್ದವರು. ಅವರು ಓಡಿಸಿದ್ದು 106 ಮಿಲಿಮೀಟರ್ ರಿಕಾಯಿಲ್‌ಲೆಸ್ ಗನ್ ಹೊತ್ತ ಜೀಪು. ಸಣ್ಣ ಗಾಡಿಯ ಮೇಲೆ ಟ್ಯಾಂಕ್ ಒಡೆಯುವ ತೋಪು. 1965ರಲ್ಲಿ ಖೇಮಕರಣ್ ಹತ್ತಿರ ಅಬ್ದುಲ್ ಹಮೀದ್ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದದ್ದು ಇಂಥದೇ ಜೀಪಿನಿಂದ, ಪರಮವೀರ ಚಕ್ರ ಬಂದದ್ದು ತೀರಿಕೊಂಡ ಮೇಲೆ. ಆ ಹೆಸರನ್ನು ಅಜ್ಜ ಟೋಪಿ ಸರಿಮಾಡಿಕೊಂಡು ಹೇಳಿದರು. ತಾವು ಸೇರಿದ್ದು ಅದಾದ ಮೇಲೆ. "ತೋಪು ಹಾರಿಸಿದ ಕೂಡ್ಲೆ ಗಾಡಿ ತಿರುವಿ ಓಡಬೇಕ್ರಿ. ಹಿಂದಿನಿಂದ ಬೆಂಕಿ ಬರ್ತದ, ಧೂಳ ಏಳ್ತದ, ವೈರಿಗೆ ಜಾಗಾ ಗೊತ್ತಾಗ್ತದ. ಡ್ರೈವರ್ ಕೈ ಗೇರಿನ ಮ್ಯಾಲ ಇರಬೇಕು."

ಒಮ್ಮೆ ಓಡಿಸ್ತೀರಾ ಅಂದೆ. ಬೇಡ ಅನ್ನಲಿಲ್ಲ. ಕಾಕ ಗಾಬರಿಯಿಂದ ನನ್ನ ಮುಖ ನೋಡಿದರು, ಹರಾಜಿನ ಗಾಡಿ. ಅಜ್ಜ ಹತ್ತಿ, ಕ್ಲಚ್ ಒತ್ತಿ, ಸರ್ವಿಸ್ ರಸ್ತೆಯಲ್ಲಿ ಹೋದರು. ಈ ಗೇರು ಡಬ್ಬಿಯಲ್ಲಿ ಮೊದಲ ಗೇರಿಗೆ ಸಿಂಕ್ರೊ, ಅಂದರೆ ಹಲ್ಲುಗಳ ವೇಗ ತಾನೇ ಹೊಂದಿಸುವ ವ್ಯವಸ್ಥೆ, ಇಲ್ಲ. ಚಲಿಸುವಾಗ ಎರಡರಿಂದ ಒಂದಕ್ಕೆ ಇಳಿಸಬೇಕಾದರೆ ಕ್ಲಚ್ ಎರಡು ಸಲ ತುಳಿದು ನಡುವೆ ಆಕ್ಸಿಲರೇಟರ್ ಕೊಡಬೇಕು; ಸ್ವಲ್ಪ ಹೆಚ್ಚುಕಮ್ಮಿಯಾದರೂ ಹಲ್ಲು ಕಡಿಯುತ್ತದೆ. ತಿರುವಿನಲ್ಲಿ ಅಜ್ಜ ಇಳಿಸಿದರು. ಸದ್ದೇ ಇಲ್ಲ. ಕಾಕ ಚಹಾದ ಲೋಟ ಕೆಳಗಿಟ್ಟು, "ಯಾ ಅಲ್ಲಾ" ಅಂದರು.

ಇಳಿದ ಮೇಲೆ ಅಜ್ಜ ಬೆಲೆ ಕೇಳಲಿಲ್ಲ, ತಾವೇ ಹೇಳಿದರು. ಸೈನ್ಯದವರು ಹಳೇ ಗಾಡಿಗಳನ್ನು ಹರಾಜು ಹಾಕಿದಾಗ ನಾಲ್ಕು ಸಾವಿರಕ್ಕೆ ಒಂದು ಬರುತ್ತಿತ್ತಂತೆ. "ನಾಕ ಸಾವಿರದಾಗ ಎರಡ ಎಮ್ಮಿ ಬಂದ್ವು. ಎಮ್ಮಿ ತಗೊಂಡ್ನಿ." ಅದರಲ್ಲಿ ಅವರಿಗೆ ಪಶ್ಚಾತ್ತಾಪವೇನೂ ಕಾಣಲಿಲ್ಲ.

ತವಂದಿ ಘಾಟಿ ಇಳಿದು ನಿಪ್ಪಾಣಿ ದಾಟಿದರೆ ಮಹಾರಾಷ್ಟ್ರ. ಕಬ್ಬು ಅರೆಯುವ ಕಾಲ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಿಂಬದಿಗೆ ಒಂದು ಕೆಂಪು ದೀಪವೂ ಇಲ್ಲದೆ ಹೆದ್ದಾರಿ ತುಂಬ. ನಮ್ಮ ಹೆಡ್‌ಲೈಟಿನ ಮಂದ ಬೆಳಕಿಗೆ ಅವು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಕತ್ತಲಿಗೆ ಮೊದಲೇ ಕೊಲ್ಹಾಪುರ ಸೇರಿಕೊಂಡೆವು. ರಾತ್ರಿ ಕಾಕ ಕೆಂಪು ರಸ್ಸಾ, ಬಿಳಿ ರಸ್ಸಾ ಎರಡನ್ನೂ ಮತ್ತೆ ಮತ್ತೆ ಹಾಕಿಸಿಕೊಂಡರು.

ಊಟ ಮುಗಿಸಿ ಲಾಡ್ಜಿಗೆ ಬಂದರೆ ಜೀಪಿನ ಹತ್ತಿರ ಇಬ್ಬರು ಕಾಯುತ್ತಿದ್ದರು. ಕೊಲ್ಹಾಪುರದವರಿಗೆ ಜೀಪಿನ ಹುಚ್ಚು ವಿಪರೀತ. ಏಳು ಲಕ್ಷ, ನಗದು, ಈಗಲೇ, ಕಾಗದ ಆಮೇಲೆ. ಹರಾಜಿನಲ್ಲಿ ನಾವಿಟ್ಟಿದ್ದ ಕನಿಷ್ಠ ಬೆಲೆ ಎಂಟು. ಅದನ್ನು ಯಾರೂ ಮುಟ್ಟದಿದ್ದರೆ ಗಾಡಿಯನ್ನು ಊರಿಗೆ ವಾಪಸ್ ಹೊಡೆದುಕೊಂಡು ಬರಬೇಕು. ಕಾಕ ನನ್ನನ್ನು ಪಕ್ಕಕ್ಕೆ ಕರೆದು, "ಕಮಿಷನ್ ಕಳೆದ್ರೆ ಎಂಟೂ ಏಳೇ ಗೌಡ್ರೇ" ಎಂದರು. ಲೆಕ್ಕ ಸರಿಯಾಗಿತ್ತು. ಆದರೆ 'ಕಾಗದ ಆಮೇಲೆ' ಎಂದವರಿಗೆ ಗಾಡಿ ಕೊಟ್ಟರೆ ನಾಳೆ ಅದು ಎಲ್ಲಿ ಯಾರಿಗೆ ಗುದ್ದಿದರೂ ನೋಟಿಸು ಬರುವುದು ನನ್ನ ಮನೆಗೆ. ಬೇಡ ಅಂದೆ.

ಶನಿವಾರ, ಭಾನುವಾರ: ಪುಣೆ, ಘಾಟಿ, ಮುಂಬೈ

ಕರಾಡ, ಸಾತಾರಾ. ಮುಂಬೈ ಕಡೆಗೆ ಹೋಗುವವರಿಗೆ ಖಂಬಾಟ್ಕಿಯಲ್ಲಿ ಸುರಂಗ. ಅದರೊಳಗೆ ನಮ್ಮ ಎಂಜಿನ್ನಿನ ಸದ್ದಿಗೆ ನಮ್ಮ ಮಾತೇ ನಮಗೆ ಕೇಳಿಸಲಿಲ್ಲ. ಪುಣೆಯ ಹೊರವರ್ತುಲದ ಟ್ರಾಫಿಕ್ಕಿನ ಬಗ್ಗೆ ಬರೆಯುವುದಕ್ಕೇನಿಲ್ಲ.

ಭಾನುವಾರ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ಹೆದ್ದಾರಿ ಹಿಡಿದೆವು. ಐವತ್ತರ ವೇಗದ ಗಾಡಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಜಾಗವಿಲ್ಲ. ಲೋನಾವಳಾದ ಚಿಕ್ಕಿ ಅಂಗಡಿಗಳನ್ನು ದಾಟಿ ಬೋರ್ ಘಾಟ್ ಇಳಿಯುವಾಗ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಒತ್ತುತ್ತಾ ಹೋದರೆ ಕಾದು ಹಿಡಿಯುವುದನ್ನೇ ಬಿಡುತ್ತವೆ. ಚಾರ್ಮಾಡಿ ಇಳಿದು ಅಭ್ಯಾಸವಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು: ಎರಡನೇ ಗೇರಿಗೆ ಹಾಕಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆದು, ಹಿಂದಿನ ಲಾರಿಯವನ ಬೈಗುಳ ಕೇಳುತ್ತಾ ಇಳಿದೆವು.

ಪನವೇಲ್, ವಾಶಿ ಸೇತುವೆ, ಉಪ್ಪು ಗಾಳಿ. ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದ್ದು ಇದೇ ಊರಿನ ಮಝಗಾಂವ್‌ನಲ್ಲಿ. ಕಾಕನಿಗೆ ಹೇಳಿದೆ. "ಹಂಗಾದ್ರೆ ತವರಿಗೆ ಬಂತು" ಎಂದವರು, ಕೂಡಲೇ "ತವರಲ್ಲಿ ಎಷ್ಟು ಕೊಡ್ತಾರೋ" ಎಂದು ಸೇರಿಸಿದರು.

ಸೋಮವಾರದಿಂದ ಬುಧವಾರ: ಗೋದಾಮು

ಬಂದರಿನ ಬದಿಯ ಹಳೇ ಗೋದಾಮಿನಲ್ಲಿ ಗಾಡಿಗಳನ್ನು ನೋಡಲು ಇಟ್ಟಿದ್ದರು. ಉದ್ದನೆಯ ರೆಕ್ಕೆಯ ಶೆವ್ರೊಲೆ, ಫಿಯಟ್ 1100, ಲ್ಯಾಂಡ್‌ಮಾಸ್ಟರ್. ಎಲ್ಲವೂ ಲಾರಿಯಲ್ಲಿ ಬಂದವು, ಟೈರಿಗೂ ಪಾಲಿಶ್. ನಮ್ಮದರ ಮೂಲೆ ಮೂಲೆಯಲ್ಲಿ ಬ್ಯಾಡಗಿ ಧೂಳು. ತೊಳೆಯಲು ಬಂದ ಹುಡುಗ ಸೀನಿದ.

ಸಂಸ್ಥೆಯ ಪರಿಣತರು ಟಾರ್ಚು ಹಿಡಿದು ನೋಡಿದ್ದು ಬಣ್ಣವನ್ನಲ್ಲ. ಬ್ಲಾಕಿನ ಮುಂದೆ, ವಾಟರ್ ಪಂಪಿನ ಹತ್ತಿರ ಕೆತ್ತಿದ ನಂಬರು, ಚಾಸಿ ನಂಬರು, ಆರ್‌ಸಿ. ಡೀಸೆಲ್ ಎಂಜಿನ್ ಹಾಕಿದಾಗಿನ ನಮೂದು, ಮತ್ತೆ ಪೆಟ್ರೋಲಿಗೆ ಬಂದಾಗಿನ ನಮೂದು, ಎರಡೂ ಇವೆಯೇ ಎಂದು ಕೇಳಿದರು. ಇದ್ದವು. ವಿಂಟೇಜ್ ನೋಂದಣಿ ಯಾಕೆ ಮಾಡಿಸಿಲ್ಲ ಎಂದೂ ಕೇಳಿದರು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ; ಹೊಸದಾಗಿ ನೋಂದಣಿಯಾಗುವ ಗಾಡಿಗೆ 'ವಿಎ' ಅಕ್ಷರಗಳ ನಂಬರು, ಈಗಾಗಲೇ ನೋಂದಣಿಯಾದದ್ದಕ್ಕೆ ಹಳೇ ನಂಬರೇ. ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥದ್ದಕ್ಕಷ್ಟೇ ರಸ್ತೆಗಿಳಿಸಬೇಕು. ತೋಟಕ್ಕೆ ಗೊಬ್ಬರ ಹೊರುವ ಗಾಡಿಗೆ ಅದೆಲ್ಲಿ ಹೊಂದುತ್ತದೆ? ಕೊಂಡವರು ಬೇಕಿದ್ದರೆ ಮಾಡಿಸಿಕೊಳ್ಳಲಿ ಅಂದೆ.

ಮಾಟುಂಗದ ಉಡುಪಿ ಹೋಟೆಲಿನಲ್ಲಿ ಇಡ್ಲಿ, ಕನ್ನಡ ಎರಡೂ ಸಿಕ್ಕಿ ಕಾಕ ಗೆಲುವಾದರು. ಬುಧವಾರ ಸಂಜೆ ಅಲ್ಲೇ ಹತ್ತಿರದ ಲಾಡ್ಜಿನಲ್ಲಿ ಮೊಬೈಲ್ ಹಿಡಿದು ಕೂತೆವು. ಹರಾಜು ಪೂರ್ತಿ ಆನ್‌ಲೈನ್; ಸುತ್ತಿಗೆಯೂ ಇಲ್ಲ, ಕೂಗೂ ಇಲ್ಲ. ಐದು ಲಕ್ಷಕ್ಕೆ ಶುರುವಾದದ್ದು ಆರೂಮುಕ್ಕಾಲಿಗೆ ಬಂದು ಮಧ್ಯಾಹ್ನದಿಂದ ಅಲ್ಲೇ ಮಲಗಿತ್ತು. ಕಾಕ ಮಾತಾಡಲಿಲ್ಲ, ಆದರೆ ಅವರ ಮುಖದಲ್ಲಿ ಕೊಲ್ಹಾಪುರ ಕಾಣುತ್ತಿತ್ತು.

ಮುಗಿಯಲು ನಾಲ್ಕು ನಿಮಿಷವಿದ್ದಾಗ ಏಳೂವರೆ. ಆಮೇಲೆ ಎಂಟೂಕಾಲು. ಕೊನೆಯ ನಿಮಿಷಗಳಲ್ಲಿ ಯಾರಾದರೂ ಕೂಗಿದರೆ ಗಡಿಯಾರ ಮತ್ತೆ ಮೂರು ನಿಮಿಷ ಹಿಂದಕ್ಕೆ ಹೋಗುವ ವ್ಯವಸ್ಥೆ. ಹೆಸರಿಲ್ಲ, ನಂಬರುಗಳಷ್ಟೇ. ಒಂಬತ್ತು ದಾಟುವ ಹೊತ್ತಿಗೆ ಉಳಿದವರು ಇಬ್ಬರು, 14 ಮತ್ತು 31. ಇಪ್ಪತ್ತೈದು ಸಾವಿರ, ಮತ್ತೆ ಇಪ್ಪತ್ತೈದು ಸಾವಿರ. 14 ಪ್ರತಿ ಸಲವೂ ಮೂರು ನಿಮಿಷ ಮುಗಿಯುವ ತನಕ ಕಾದು ಕೂಗುತ್ತಿದ್ದ, 31 ಕೂಡಲೇ ಮೇಲೆ ಹಾಕುತ್ತಿದ್ದ. ಹತ್ತೂವರೆಯಲ್ಲಿ 14 ತುಂಬ ಯೋಚಿಸಿದ. ಹನ್ನೊಂದರ ಮೇಲೆ ಇನ್ನೊಂದು ಹಾಕಿದ. 31 ಹನ್ನೊಂದೂವರೆ ಎಂದ. ಮೂರು ನಿಮಿಷ ಪೂರ್ತಿ ಕಳೆಯಿತು.

ಹನ್ನೊಂದೂವರೆ ಲಕ್ಷದಲ್ಲಿ ಸಂಸ್ಥೆಯ ಹತ್ತು ಪರ್ಸೆಂಟ್, ಅದರ ಮೇಲೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ. ನನ್ನ ಕೈಗೆ ಹತ್ತು ಲಕ್ಷದ ಹದಿನಾಲ್ಕು ಸಾವಿರದ ಮುನ್ನೂರು. ಗಾಡಿ ಕೊಂಡು ಕಟ್ಟಲು ಆರೂಕಾಲು ಹೋಗಿತ್ತು, ಕಾಕನ ಕೂಲಿ ಬಿಟ್ಟು.

ಗುರುವಾರ: ಕೀಲಿ

ಕೊಂಡವರು ನಾಸಿಕದ ದ್ರಾಕ್ಷಿ ತೋಟದವರು. ಡ್ರೈವರನನ್ನು ಕಳಿಸಿದ್ದರು. ಮಾಲೀಕತ್ವ ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿದೆ. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ಬೇಕಾದ ಫಾರಂ 28ರ ಎನ್‌ಒಸಿಗೆ (ಆರ್‌ಟಿಓದ ನಿರಾಕ್ಷೇಪಣಾ ಪತ್ರಕ್ಕೆ) ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟು ಅಂಟಿಸಬೇಕಾದ್ದರಿಂದ, ಹೊರಡುವ ಮೊದಲೇ ನಾಲ್ಕು ಪ್ರಿಂಟು ತೆಗೆದಿಟ್ಟುಕೊಂಡಿದ್ದೆ. ಡ್ರೈವರ್ ಗೋದಾಮಿನಂಗಳದಲ್ಲಿ ಗೇರಿನ ಹಲ್ಲು ಕಡಿಸಿದಾಗ ಕಾಕ ತಮಗೆ ಬರುವ ಎಲ್ಲ ಹಿಂದಿಯನ್ನೂ ಬಳಸಿ ಅವನಿಗೆ ಡಬಲ್ ಕ್ಲಚ್ ಕಲಿಸಿದರು. ಜೇಬಿನ ಡಯಾಫ್ರಾಂ ಅವನ ಕೈಗಿಟ್ಟರು.

ದಾದರಿನಲ್ಲಿ ರೈಲು ಹತ್ತಿದ ಮೇಲೆ ಕಾಕ ಬಹಳ ಹೊತ್ತು ಸುಮ್ಮನಿದ್ದರು. ಗಾಡಿಯ ಚಿಂತೆ ಇರಬಹುದು ಅಂದುಕೊಂಡೆ.

"ಗೌಡ್ರೇ, ಆ 31 ಒಬ್ಬನೇ ಇದ್ದಿದ್ರೆ ಎಂಟೂಕಾಲಿಗೇ ಮುಗೀತಿತ್ತು ಅಲ್ವಾ?"

ಹೌದು ಅಂದೆ.

"ಹಂಗಾದ್ರೆ ನಮಗೆ ಮೂರು ಲಕ್ಷ ಜಾಸ್ತಿ ಕೊಡ್ಸಿದ್ದು 14ನೇ ನಂಬರಿನವ್ನು. ಅವ್ನಿಗೆ ಇನ್ನೂ ಜೀಪು ಸಿಕ್ಕಿಲ್ಲ. ಶೆಡ್ಡಲ್ಲಿರೋ ವಿಲ್ಲೀಸ್ ಅವ್ನಿಗೇ ಹೇಳಿ ಇಡೋಣ, ಕಮಿಷನ್ನೂ ಉಳಿಯುತ್ತೆ. ಫೋನ್ ನಂಬರ್ ಕೊಡ್ತಾರಾ ಕೇಳಿ."

ಕೇಳಿದೆ. ಕೊಡಲಿಲ್ಲ.